ಕಲ್ಯಾಣದಲ್ಲಿ ಹಾರಿದ ರಾಜ

ಡೋಂಬಿವಲಿಯಿಂದ ಕಲ್ಯಾಣಕ್ಕೆ ಮುಂಬಯಿಯ ಲೋಕಲ್ ರೈಲಿನಲ್ಲಿ ಹತ್ತು ನಿಮಿಷದ ದಾರಿ. ನಡುವೆ ಬರುವುದು ಠಾಕುರ್ಲಿ ಒಂದೇ. ಆ ಹತ್ತು ನಿಮಿಷವನ್ನು ನಾನು ಸುಮಾರು ಐದು ವರ್ಷ ಒಬ್ಬ ಮನುಷ್ಯನನ್ನು ದ್ವೇಷಿಸುವುದಕ್ಕೆಂದು ಮೀಸಲಿಟ್ಟಿದ್ದೆ. ಠಾಕುರ್ಲಿಯವರೆಗೆ ಬೈಗುಳ. ಠಾಕುರ್ಲಿ ದಾಟಿದ ಮೇಲೆ ಆತ ನನ್ನೆದುರು ಸೋತು ಕೂತ ಚಿತ್ರ. ಕಲ್ಯಾಣದಲ್ಲಿ ಇಳಿದು ಸೇತುವೆಯ ಮೊದಲ ಮೆಟ್ಟಿಲು ಹತ್ತುವಾಗ ನಿಲ್ಲಿಸಿಬಿಡಬೇಕು. ಅಲ್ಲಿಂದಾಚೆ ನಾನು ಕಾಲೇಜಿನಲ್ಲಿ ಚರಿತ್ರೆ ಕಲಿಸುವ ಹೆಂಗಸು. ಸಂಜೆ ಹಿಂದಿರುಗುವ ರೈಲಿನಲ್ಲಿ ದ್ವೇಷಕ್ಕೆ ಅವಕಾಶವಿರಲಿಲ್ಲ. ಬೆಳಿಗ್ಗೆ ಮಾತ್ರ.

ಡೈರಿಯಲ್ಲಿ ಆ ಮನುಷ್ಯನನ್ನು ‘ಅವನು’ ಎಂದೇ ಬರೆದಿದ್ದೇನೆ. ಇಲ್ಲಿ ‘ಅವರು’ ಎನ್ನುತ್ತೇನೆ. ಅದು ಮರ್ಯಾದೆಗಾಗಿ ಅಲ್ಲ, ಓದುವವರು ನನ್ನನ್ನು ನಂಬಲಿ ಎಂದು. ನನ್ನ ವಿದ್ಯಾರ್ಥಿಗಳಿಗೆ ಮೊದಲ ವಾರವೇ ಹೇಳಿಕೊಡುತ್ತೇನೆ: ಸಾಕ್ಷಿ ಹೇಳುವವನಿಗೆ ತನ್ನ ಮಾತಿನಿಂದ ಏನು ಸಿಗುತ್ತದೆ ಎಂದು ಮೊದಲು ನೋಡಿ. ಇಲ್ಲಿ ಸಾಕ್ಷಿ ನಾನೇ, ದೂರು ಕೊಟ್ಟವಳೂ ನಾನೇ. ಆದ್ದರಿಂದ ನೆನಪು ಒಂದು ಹೇಳಿ ಡೈರಿ ಇನ್ನೊಂದು ಹೇಳುವ ಕಡೆ ಎರಡನ್ನೂ ಬರೆಯುತ್ತೇನೆ.

ಅವರು ನೆರೂಳದಲ್ಲಿ ಹೋಟೆಲ್ ನಡೆಸುವವರು. ಕರಾವಳಿಯ ಕಡೆಯವರು, ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಠಾಣೆ, ಕಲ್ಯಾಣ, ನವಿ ಮುಂಬಯಿಯ ಚೆಸ್ ಟೂರ್ನಮೆಂಟುಗಳಲ್ಲಿ ನಮ್ಮಂಥ ದೊಡ್ಡವರು ಬೆರಳೆಣಿಕೆಯಷ್ಟು. ಹಾಲ್ ತುಂಬ ಎಂಟು, ಹತ್ತು ವರ್ಷದ ಮಕ್ಕಳು; ಹೊರಗೆ ನೀರಿನ ಬಾಟಲಿ, ಡಬ್ಬಿ ಹಿಡಿದು ಕಾಯುವ ಅವರ ತಾಯಂದಿರು. ಆ ಮಕ್ಕಳ ಕೈಯಲ್ಲಿ ಸೋಲುವುದು ನಮಗೆ ಅಭ್ಯಾಸವಾಗಿರುತ್ತದೆ. ಅದಕ್ಕೇ ಇರಬೇಕು, ದೊಡ್ಡವರು ಎದುರುಬದುರು ಬಂದರೆ ಆಟದ ಬಿಸಿ ಏರುತ್ತದೆ. ಮಗುವಿಗೆ ಸೋತರೆ ನಕ್ಕು ಎದ್ದು ಹೋಗಬಹುದು. ದೊಡ್ಡವರಿಗೆ ಸೋತರೆ ಮರೆಮಾಚಲು ಏನೂ ಇರುವುದಿಲ್ಲ.

ನನಗೆ ಆಟ ಕಲಿಸಿದ್ದು ಅಪ್ಪ. ಡೋಂಬಿವಲಿಯ ಒಂದು ಕಾರ್ಖಾನೆಯಲ್ಲಿ ಟೈಂಕೀಪರ್ ಆಗಿದ್ದವರು, ಬಾಗಲಕೋಟೆ ಕಡೆಯಿಂದ ಬಂದವರು. ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ರವಿವಾರ ಊಟವಾದ ಮೇಲೆ ಗ್ಯಾಲರಿಯಲ್ಲಿ, ಅಂದರೆ ಮನೆಯ ಬಾಲ್ಕನಿಯಲ್ಲಿ, ಮಣೆ ಹಾಕುತ್ತಿದ್ದೆವು. ಅಪ್ಪನದು ಊರಿನ ಮನೆಯಾಟ. ಅದರಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುತ್ತದೆ. ರಾಜನನ್ನು ಆನೆಯ ಮರೆಗೆ ಸರಿಸಿ ಕೋಟೆ ಕಟ್ಟುವುದೂ ಇಲ್ಲ. ಅದರ ಬದಲು, ಒಂದು ಸಲವೂ ಶಹ, ಅಂದರೆ ಚೆಕ್, ತಿನ್ನದ ರಾಜ ಇಡೀ ಆಟದಲ್ಲಿ ಒಮ್ಮೆ ಕುದುರೆಯ ಹಾಗೆ ಹಾರಬಹುದು. ಟೂರ್ನಮೆಂಟಿನ ನಿಯಮಗಳನ್ನು ನಾನು ದೊಡ್ಡವಳಾದ ಮೇಲೆ ಪುಸ್ತಕ ನೋಡಿ ಕಲಿತೆ. ಎರಡು ಆಟಗಳನ್ನು ಎರಡು ಭಾಷೆಗಳ ಹಾಗೆ ಬೇರೆಬೇರೆ ಇಟ್ಟುಕೊಂಡಿದ್ದೇನೆ ಎಂಬ ಹೆಮ್ಮೆ ನನಗಿತ್ತು.

ಆರು ವರ್ಷದ ಹಿಂದೆ ಕಲ್ಯಾಣದ ಒಂದು ಶಾಲೆಯ ಹಾಲಿನಲ್ಲಿ ರ‍್ಯಾಪಿಡ್ ಟೂರ್ನಮೆಂಟು. ಒಬ್ಬೊಬ್ಬರಿಗೆ ಹದಿನೈದು ನಿಮಿಷ, ಅಷ್ಟೇ. ಅಪ್ಪ ನನ್ನ ಜೊತೆ ಬಂದಿದ್ದರು. ಆಟಗಾರರಲ್ಲದವರನ್ನು ಹಗ್ಗ ಕಟ್ಟಿ ಆಚೆ ನಿಲ್ಲಿಸಿದ್ದರು. ಐದನೇ ಸುತ್ತಿನಲ್ಲಿ ಹೋಟೆಲಿನವರು ನನ್ನೆದುರು ಕೂತರು. ಅದಕ್ಕೂ ಮೊದಲು ನಮಗೆ ಮುಖಪರಿಚಯ ಇತ್ತು, ಆಡಿರಲಿಲ್ಲ.

ಆಟದ ಕೊನೆಗೆ ನನ್ನ ಗೆಲುವು ಎರಡು ನಡೆ ದೂರವಿತ್ತು. ಆನೆಯನ್ನು ಕೊನೆಯ ಸಾಲಿಗೆ ತಳ್ಳಿ ಶಹ ಕೊಟ್ಟರೆ ಸಾಕು. ಗಡಿಯಾರದಲ್ಲಿ ಹತ್ತೋ ಹನ್ನೊಂದೋ ಸೆಕೆಂಡು. ಅವರ ರಾಣಿ ನನ್ನ ರಾಜನ ಹತ್ತಿರ ಬಂದು, ಶಹ ಕೊಡದೆಯೇ ಹೆದರಿಸುತ್ತಿತ್ತು. ನನ್ನ ರಾಜ ಆಟವಿಡೀ ತನ್ನ ಮನೆ ಬಿಟ್ಟು ಕದಲಿರಲಿಲ್ಲ, ಒಂದೂ ಶಹ ತಿಂದಿರಲಿಲ್ಲ. ನನ್ನ ಕೈ ಹೋಯಿತು, ರಾಜನನ್ನು ಎತ್ತಿತು, ಕುದುರೆಯ ನಡೆಯಲ್ಲಿ ಎರಡೂವರೆ ಮನೆ ಆಚೆ ಇಟ್ಟಿತು, ಗಡಿಯಾರ ಒತ್ತಿತು.

ಗಾಬರಿಯಿಂದ ಹಾಗಾಯಿತೆಂದು ಎಲ್ಲರೂ ಅಂದುಕೊಂಡರು. ಗಾಬರಿಯಲ್ಲ. ಆ ಕ್ಷಣದಲ್ಲಿ ನನಗೆ ಬಹಳ ಸಮಾಧಾನವಾಗಿತ್ತು, ಕಳೆದ ಬೀಗದ ಕೈ ಚೀಲದ ತಳದಲ್ಲಿ ಸಿಕ್ಕ ಹಾಗೆ.

ಅವರು ಗಡಿಯಾರ ನಿಲ್ಲಿಸಿ ಕೈ ಎತ್ತಿದರು. ಪಂಚರು ಬಂದರು. “ಮೇಡಂ, ರಾಜಾಲಾ ಹಾತ್ ಲಾವಲಾತ್ ನಾ? ಮಗ್ ರಾಜಾಚ್ ಹಲವಾಯಚಾ” ಎಂದರು. ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಅದು ನಿಯಮ. ತಪ್ಪು ನಡೆಗೆ ದಂಡವಾಗಿ ಎದುರಾಳಿಗೆ ಎರಡು ನಿಮಿಷ ಹೆಚ್ಚು ಕೊಟ್ಟರು. ರಾಜನಿಗೆ ಹೋಗಲು ಎರಡೇ ಮನೆ ಇದ್ದವು, ಎರಡರಲ್ಲೂ ಸಾವು. ಇಟ್ಟೆ. ಸತ್ತೆ.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅವರು ಕುರ್ಚಿಯಿಂದ ಎದ್ದು, ಹಾಲಿನ ಆ ತುದಿಗೂ ಕೇಳುವಂತೆ, “ಎಂತ ಟೀಚರೇ ಇದು? ರಾಜನಾ, ಕಪ್ಪೆಯಾ?” ಎಂದರು.

ಆಟ ಮುಗಿಸಿ ನಿಂತಿದ್ದವರು ಇತ್ತ ತಿರುಗಿದರು.

“ಯಾರು ಮಾರಾಯ್ತಿ ನಿಮಗೆ ಈ ಆಟ ಕಲಿಸಿದ್ದು?”

ಹಗ್ಗದ ಆಚೆಯಿಂದ ಅಪ್ಪ, ಯಾರೋ ಹಾಜರಿ ಕೂಗಿದಾಗ ಹೇಳುವ ಹಾಗೆ, “ನಾನೇ ಕಲಿಸೇನ್ರೀ” ಎಂದರು.

ಹೋಟೆಲಿನವರು ಅಪ್ಪನ ಕಡೆ ನೋಡಿದರು. “ಹಾಗಾದ್ರೆ ಮುಂದಿನ ಸಲ ಅಪ್ಪನನ್ನೂ ಕರ್ಕೊಂಡು ಬನ್ನಿ ಟೀಚರೇ. ಅಂಡರ್ ಸೆವೆನ್‌ನಲ್ಲಿ ಹೆಸರು ಬರ್ಸುವ!”

ನಕ್ಕರು. ಯಾರು ಯಾರು ಎಂದು ಕೇಳಬೇಡಿ. ಎಲ್ಲರೂ ನಕ್ಕರು ಎಂದು ನನ್ನ ನೆನಪು. ಕನ್ನಡ ತಿಳಿಯದ ಮಕ್ಕಳೂ ನಕ್ಕರು ಎಂದು ನನ್ನ ನೆನಪು, ಅದು ಹೇಗೆ ಸಾಧ್ಯವೋ ಗೊತ್ತಿಲ್ಲ. ಆ ರಾತ್ರಿಯ ಡೈರಿಯಲ್ಲಿ ಇರುವುದು ಮೂರು ಸಾಲು: “ಐದನೇ ಸುತ್ತು ಸೋತೆ. ರಾಜ ಹಾರಿದ. ಅಪ್ಪ ನಕ್ಕರು, ಉಳಿದವರ ಜೊತೆ.” ಅಪ್ಪ ನಕ್ಕದ್ದು ನನಗೆ ನೆನಪೇ ಇಲ್ಲ. ಅವರು ಎರಡೂ ಕೈಯಲ್ಲಿ ಹಗ್ಗ ಹಿಡಿದುಕೊಂಡು ನಿಂತದ್ದು ಮಾತ್ರ ನೆನಪಿದೆ.

ರೈಲಿನಲ್ಲಿ ಅಪ್ಪ ಕಿಟಕಿಯ ಕಡೆ ನೋಡುತ್ತ, “ನಂದು ಹಳೀ ಆಟ ಆತವಾ. ಬ್ಯಾರೇರ ಕಡೆ ಕಲತಿದ್ರ ಚಲೋ ಇತ್ತು” ಎಂದರು. ನಾನು “ಹಂಗ್ಯಾಕಂತೀರಪ್ಪಾ” ಎಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ಯಾಕೆಂದರೆ ಅತ್ತುಬಿಡುತ್ತಿದ್ದೆ. ಮುಂದಿನ ರವಿವಾರ ಅವರು ಮಣೆ ತೆಗೆಯಲಿಲ್ಲ. ಅದರ ಮುಂದಿನ ರವಿವಾರವೂ ಇಲ್ಲ. ಆಮೇಲೆ ನಾವು ಆಡಲೇ ಇಲ್ಲ.

ಇಲ್ಲಿ ಡೈರಿ ನನ್ನ ಪರ ನಿಲ್ಲುವುದಿಲ್ಲ. ಆ ಟೂರ್ನಮೆಂಟಿಗೆ ತಿಂಗಳ ಮುಂಚೆಯೇ, “ಅಪ್ಪನಿಗೆ ಕಪ್ಪು ಕಾಯಿ, ಕಂದು ಮನೆ ಬೇರೆಬೇರೆ ಕಾಣುತ್ತಿಲ್ಲವಂತೆ. ಕಣ್ಣಿನ ಡಾಕ್ಟರು” ಎಂದು ಬರೆದಿದ್ದೇನೆ. ಹಾಗಾದರೆ ಅಪ್ಪ ಆಟ ಬಿಟ್ಟದ್ದು ಕಣ್ಣಿಗೋ, ಮಾತಿಗೋ? ನಾನು ಕೇಳಲಿಲ್ಲ. ಕೇಳಿದರೆ “ಕಣ್ಣಿಗೆ” ಎಂದುಬಿಟ್ಟಾರು ಎಂಬ ಭಯ. ಆಗ ನನ್ನ ದ್ವೇಷವನ್ನು ಎಲ್ಲಿಡುವುದು?

ರಾಜ ಹಾರಿದ ಕಥೆ ನಮಗಿಂತ ಮೊದಲೇ ಎಲ್ಲ ಕಡೆ ತಲುಪಿತ್ತು. ಅವರ ಹೋಟೆಲಿನಲ್ಲಿ ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಮೇಲೆ ಯಾವಾಗಲೂ ಒಂದು ಚೆಸ್ ಬೋರ್ಡು ಇರುತ್ತದೆ. ಟೂರ್ನಮೆಂಟು ಮುಗಿಸಿದವರು ಅಲ್ಲಿಗೆ ಹೋಗಿ ಚಹಾ ಕುಡಿಯುತ್ತ ಆಟ ಬಿಚ್ಚಿ ನೋಡುತ್ತಾರೆ. ಅಲ್ಲಿ ಅವರು ನನ್ನ ಕೈ ಹೋದ ರೀತಿ, ಅಪ್ಪ ‘ಕಲಿಸೇನ್ರೀ’ ಎಂದ ರೀತಿ, ಎಲ್ಲವನ್ನೂ ಅಭಿನಯಿಸಿ ತೋರಿಸುತ್ತಿದ್ದರಂತೆ. ಠಾಣೆಯ ಒಂದು ಕನ್ನಡ ಕಾರ್ಯಕ್ರಮದಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಊಟದ ಸಾಲಿನಲ್ಲಿ, “ಹಾರೋ ರಾಜನ ಟೀಚರ್ ಅಂದ್ರೆ ನೀವೇನಾ?” ಎಂದಳು. ಪ್ರೀತಿಯಿಂದಲೇ ಕೇಳಿದಳು. ನನ್ನ ತಟ್ಟೆಯಲ್ಲಿದ್ದ ಹೋಳಿಗೆ ಹಾಗೇ ಉಳಿಯಿತು.

ಅವರನ್ನು ಸೋಲಿಸಬೇಕು ಎಂದು ನಿಶ್ಚಯಿಸಿದೆ. ಸೋಲಿಸಿದರೆ ಮಾತ್ರ ಸಾಲದು. ಜನರ ಮುಂದೆ ಸೋಲಿಸಬೇಕು, ಆಮೇಲೆ ಅಷ್ಟೇ ಜೋರಾಗಿ, “ಇದನ್ನೂ ಅಪ್ಪನೇ ಕಲಿಸಿದ್ದು” ಎನ್ನಬೇಕು. ಆ ಒಂದು ವಾಕ್ಯಕ್ಕಾಗಿ ನಾನು ಐದು ವರ್ಷ ತಯಾರಿ ಮಾಡಿದೆ.

ಆಟದ ಪುಸ್ತಕಗಳು ಅಷ್ಟೇನೂ ಉಪಯೋಗವಾಗಲಿಲ್ಲ. ನನ್ನ ತೊಂದರೆ ಆಟದಲ್ಲಿರಲಿಲ್ಲ, ಮೈಯಲ್ಲಿತ್ತು. ಪ್ರತಿ ಆಟ ಮುಗಿದ ಮೇಲೆ ಡೈರಿಯಲ್ಲಿ ಒಂದೇ ವಿಷಯ ಬರೆಯತೊಡಗಿದೆ: ಎಷ್ಟನೇ ನಡೆಯಲ್ಲಿ ಕಿವಿ ಬಿಸಿಯಾಯಿತು. ನನಗೆ ಭಯವಾದರೆ ಬೆರಳು ತಣ್ಣಗಾಗುತ್ತದೆ, ಸಿಟ್ಟು ಬಂದರೆ ಕಿವಿ ಬಿಸಿಯಾಗುತ್ತದೆ. ಒಂದು ವರ್ಷದ ಬರಹವನ್ನು ಮುಂದಿಟ್ಟುಕೊಂಡು ಓದಿದಾಗ ವಿಚಿತ್ರ ಕಂಡಿತು. ತಣ್ಣನೆಯ ಬೆರಳಿನಿಂದ ನಾನು ಸೋತದ್ದು ಕಡಿಮೆ. ಭಯ ನನ್ನನ್ನು ನಿಧಾನವಾಗಿಸುತ್ತಿತ್ತು, ಅಷ್ಟೇ. ಸೋತದ್ದೆಲ್ಲ ಕಿವಿ ಬಿಸಿಯಾದ ಆಟಗಳಲ್ಲಿ, ಅದೂ ಗೆಲ್ಲುವ ಸ್ಥಿತಿಯಲ್ಲಿದ್ದಾಗ. ಎದುರಿಗೆ ಯಾರೇ ಕೂತಿರಲಿ, ಗೆಲುವು ಕಂಡ ಕೂಡಲೇ ನಾನು ಅಲ್ಲಿ ಹೋಟೆಲಿನವರನ್ನು ಕೂಡಿಸುತ್ತಿದ್ದೆ. ಅವರ ಮುಖ ಬಾಡುವುದನ್ನು ನೋಡಲು ಆತುರಪಟ್ಟು ಕೈ ಓಡುತ್ತಿತ್ತು. ಒಮ್ಮೆ ಠಾಣೆಯಲ್ಲಿ ಹಲ್ಲು ಬಿದ್ದ ಒಂಬತ್ತು ವರ್ಷದ ಹುಡುಗಿಯೊಬ್ಬಳ ಎದುರು ನಾನು ಮನಸ್ಸಿನಲ್ಲೇ ಭಾಷಣ ಮಾಡುತ್ತಿದ್ದಾಗ ಅವಳು ನನ್ನ ರಾಣಿಯನ್ನು ತಿಂದು, “ಸಾರಿ ಆಂಟಿ” ಎಂದಳು.

ಸೇಡು ಬೇಡವೆನ್ನುವುದು ನನ್ನಿಂದಾಗದ ಮಾತು. ಉಸಿರಾಟದ ಅಭ್ಯಾಸ ಹೇಳಿಕೊಡುವ ಸಹೋದ್ಯೋಗಿಯೊಬ್ಬರು, “ಕ್ಷಮಿಸಿಬಿಡಿ, ಹಗುರಾಗ್ತೀರಿ” ಎಂದರು. ನನಗೆ ಹಗುರಾಗುವುದು ಬೇಕಿರಲಿಲ್ಲ. ಕೊನೆಗೆ ಸೇಡಿಗೆ ಒಂದು ಹೊತ್ತು ಗೊತ್ತುಮಾಡಿದೆ, ಅದೇ ಆ ಹತ್ತು ನಿಮಿಷ. ಏನು ಬೈಯಬೇಕೋ ಅಲ್ಲೇ ಬೈದು ಮುಗಿಸಬೇಕು. ಮೊದಮೊದಲು ಕಲ್ಯಾಣದಲ್ಲಿ ಇಳಿದ ಮೇಲೂ ನಿಲ್ಲುತ್ತಿರಲಿಲ್ಲ, ತರಗತಿಯಲ್ಲಿ ಹಾಜರಿ ಕೂಗುವಾಗಲೂ ಹಲ್ಲು ಕಚ್ಚಿಕೊಂಡಿರುತ್ತಿದ್ದೆ. ಒಂದು ವರ್ಷವಾದ ಮೇಲೆ ಅದು ಹೇಳಿದ ಮಾತು ಕೇಳತೊಡಗಿತು. ಠಾಣೆಗೆ ಹೋಗುವ ದಿನಗಳಲ್ಲಿ ಇನ್ನೊಂದು ಅಭ್ಯಾಸ ಮಾಡಿದೆ. ದಿವಾ ನಿಲ್ದಾಣದಲ್ಲಿ ಹೆಂಗಸರ ಡಬ್ಬಿಗೆ ಜನ ನುಗ್ಗುವಾಗ, “ಅಂದರ್ ಚಲೋ ನಾ, ಅಂದರ್ ಚಲೋ” ಎಂಬ ಕೂಗಿನ ನಡುವೆ, ಯಾರದೋ ಮೊಣಕೈ ಪಕ್ಕೆಗೆ ಚುಚ್ಚುತ್ತಿರುವಾಗ, ಮೊಬೈಲಿನಲ್ಲಿ ಮೂರು ನಡೆಯ ಸಮಸ್ಯೆ ಬಿಡಿಸುವುದು. ಬೋರ್ಡಿನ ಮುಂದೆ ಎರಡು ನಿಯಮ: ಯೋಚಿಸುವಾಗ ಎರಡೂ ಕೈ ತೊಡೆಯ ಕೆಳಗೆ, ಕಿವಿ ಬಿಸಿಯಾದರೆ, ಎಷ್ಟೇ ಸಮಯ ಹೋಗಲಿ, ಎದ್ದು ಹೋಗಿ ಮುಖ ತೊಳೆದು ಬರುವುದು.

ಕಳೆದ ವರ್ಷ ಸೀವುಡ್ಸ್‌ನ ಒಂದು ಹಾಲಿನಲ್ಲಿ ನಡೆದ ಟೂರ್ನಮೆಂಟಿನ ನಾಲ್ಕನೇ ಸುತ್ತಿಗೆ ಗೋಡೆಯ ಮೇಲೆ ಜೋಡಿಗಳ ಪಟ್ಟಿ ಅಂಟಿಸಿದರು. ನನ್ನ ಎದುರು ಅವರ ಹೆಸರು. ಇದು ನಿಧಾನದ ಆಟ, ಒಬ್ಬೊಬ್ಬರಿಗೆ ಒಂದೂವರೆ ಗಂಟೆ, ಪ್ರತಿ ನಡೆಯನ್ನೂ ಹಾಳೆಯಲ್ಲಿ ಬರೆಯಬೇಕು. ಆ ಹಾಳೆ ನನ್ನ ಬಳಿ ಇದೆ. ಆದ್ದರಿಂದ ನಡೆಗಳ ಮಟ್ಟಿಗೆ ನನ್ನನ್ನು ನಂಬಬಹುದು.

ಅವರು ಬಂದು ಕೂತರು, ಕನ್ನಡಕ ಒರೆಸಿದರು. “ಓಹೋ, ಟೀಚರೇ! ನಿಮ್ಮ ರಾಜ ಈಗಲೂ ಹಾರ್ತಾನಾ, ಇಲ್ಲ ಅವನಿಗೂ ಮೊಣಕಾಲು ನೋವು ಶುರು ಆಯ್ತಾ?”

ನಾನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

ಹತ್ತಿರಹತ್ತಿರ ಮೂರು ಗಂಟೆ ಆಡಿದೆವು. ಅವರು ಒಳ್ಳೆಯ ಆಟಗಾರರು, ಅದನ್ನು ಒಪ್ಪಲೇಬೇಕು. ಇಪ್ಪತ್ತಾರನೇ ನಡೆಯಲ್ಲಿ ಅವರ ಒಂಟೆಗೆ ಹಿಂದಿರುಗಲು ಒಂದೇ ದಾರಿ ಉಳಿದಿದ್ದು ನನಗೆ ಕಂಡಿತು, ಕಂಡ ಕೂಡಲೇ ಕಿವಿ ಉರಿಯಿತು. ನನ್ನ ಗಡಿಯಾರ ಓಡುತ್ತಿರುವಾಗಲೇ ಎದ್ದು ಹೋದೆ. ನಲ್ಲಿಯ ಕೆಳಗೆ ತಲೆ ಬಗ್ಗಿಸಿ ಎರಡೂ ಕಿವಿಗೆ ನೀರು ಹಾಕಿಕೊಂಡೆ. ಪಕ್ಕದಲ್ಲಿ ಮಗಳಿಗೆ ಜಡೆ ಹಾಕುತ್ತಿದ್ದ ತಾಯಿಯೊಬ್ಬಳು ನನ್ನನ್ನು ನೋಡಿ ಸ್ವಲ್ಪ ಆಚೆ ಸರಿದಳು. ವಾಪಸ್ ಬಂದು ಒಂಟೆಯನ್ನು ಹಿಡಿಯಲು ಅವಸರ ಮಾಡದೆ, ಮೊದಲು ಅದು ಓಡಬಹುದಾದ ಕೊನೆಯ ಮನೆಯನ್ನು ಕಾಲಾಳಿನಿಂದ ಮುಚ್ಚಿದೆ. ನಾಲ್ಕು ನಡೆಯ ಮೇಲೆ ಒಂಟೆ ಬಿತ್ತು.

ಅವರು ಸೋಲೊಪ್ಪಿಕೊಳ್ಳಬಹುದಿತ್ತು. ಒಪ್ಪಲಿಲ್ಲ. ನನ್ನ ಗಡಿಯಾರದಲ್ಲಿ ಸಮಯ ಕಡಿಮೆಯಿತ್ತು. ಇವಳು ಮತ್ತೆ ಏನಾದರೂ ಮಾಡಿಯಾಳು ಎಂದು ಕಾದರು. ಕಾಯುತ್ತಿದ್ದುದು ಅವರ ಬೆರಳುಗಳಲ್ಲೇ ಕಾಣುತ್ತಿತ್ತು. ಕೊನೆಗೆ ನನ್ನ ಬಳಿ ಒಂದು ಆನೆ, ಎಂಟನೇ ಮನೆಗೆ ಒಂದೇ ಹೆಜ್ಜೆ ಬಾಕಿಯಿದ್ದ ಒಂದು ಕಾಲಾಳು. ಅವರ ಬಳಿ ರಾಜ, ಎರಡು ಬಡ ಕಾಲಾಳು. ಬೇರೆ ಆಟಗಳು ಮುಗಿದು ನಮ್ಮ ಟೇಬಲಿನ ಸುತ್ತ ಜನ ಸೇರಿದ್ದರು.

ನನ್ನ ಕಾಲಾಳು ಇದ್ದದ್ದು ಕುದುರೆಯ ಸಾಲಿನಲ್ಲಿ. ಟೂರ್ನಮೆಂಟಿನ ನಿಯಮದಲ್ಲಿ ಕೊನೆಯ ಮನೆ ಮುಟ್ಟಿದ ಕಾಲಾಳು ಯಾವ ಕಾಯಿ ಬೇಕಾದರೂ ಆಗಬಹುದು, ಎಲ್ಲರೂ ರಾಣಿಯನ್ನೇ ಮಾಡುತ್ತಾರೆ. ಅಪ್ಪನ ಮನೆಯಾಟದಲ್ಲಿ ಆ ಆಯ್ಕೆ ಇಲ್ಲ. ಕಾಲಾಳು ಯಾರ ಮನೆಗೆ ಹೋಗಿ ಮುಟ್ಟಿತೋ ಅದೇ ಆಗಬೇಕು. ಆನೆಯ ಮನೆಗೆ ಹೋದರೆ ಆನೆ, ಕುದುರೆಯ ಮನೆಗೆ ಹೋದರೆ ಕುದುರೆ. ಆನೆ ಮತ್ತು ಕುದುರೆಯಿಂದ ರಾಜನನ್ನು ಕಟ್ಟಲು ಏಳು ನಡೆ ಬೇಕಿತ್ತು. ಎರಡು ಸಲ ಲೆಕ್ಕ ಹಾಕಿದೆ. ಕಿವಿ ತಣ್ಣಗಿತ್ತು. ಕಾಲಾಳನ್ನು ತಳ್ಳಿ, ಟೇಬಲಿನ ಬದಿಯಲ್ಲಿ ಸತ್ತು ಬಿದ್ದಿದ್ದ ನನ್ನ ಕುದುರೆಯನ್ನು ಎತ್ತಿ ಅಲ್ಲಿಟ್ಟೆ.

ಅವರ ಮುಖ ಅರಳಿತು.

“ಅಯ್ಯೋ ಟೀಚರೇ! ರಾಣಿ, ರಾಣಿ ಇಡ್ಲಿಕ್ಕೆ!” ಎಂದು ಬೊಬ್ಬೆ ಹಾಕಿದರು. ಸುತ್ತ ನಿಂತವರ ಕಡೆ ತಿರುಗಿ, “ನೋಡಿ, ನೋಡಿ, ಇನ್ನೊಂದು! ಆವತ್ತು ಕಪ್ಪೆ, ಇವತ್ತು ಕುದುರೆ!”

“ಅಂಕಲ್, ಸೈಲೆನ್ಸ್. ನಹೀ ತೋ ಪೆನಾಲ್ಟಿ ದೂಂಗಾ” ಎಂದರು ಪಂಚರು.

ಮೂರನೇ ನಡೆಗೆ ಅವರ ನಗು ನಿಂತಿತು. ಐದನೇ ನಡೆಗೆ ಕನ್ನಡಕ ತೆಗೆದು ಟೇಬಲಿನ ಮೇಲಿಟ್ಟರು. ಏಳನೆಯದಕ್ಕೆ ಅವರ ರಾಜ ಮೂಲೆಯಲ್ಲಿ ಸತ್ತ. ನಾನು ತಲೆ ಎತ್ತಿ, “ಇದನ್ನೂ ಅಪ್ಪನೇ ಕಲಿಸಿದ್ದು” ಎಂದೆ.

ಹೀಗೆಂದು ನನ್ನ ನೆನಪು. ನನ್ನ ದನಿ, ಸುತ್ತ ಬಿದ್ದ ಮೌನ, ಎಲ್ಲ ನೆನಪಿದೆ. ಡೈರಿ ಹೇಳುವುದು ಬೇರೆ: “ಗೆದ್ದೆ. ಏನೂ ಹೇಳಲಾಗಲಿಲ್ಲ. ಅವನು ಕೈ ಕುಲುಕಿ ‘ಒಳ್ಳೆ ಆಟ’ ಎಂದ. ನಾನು ‘ಥ್ಯಾಂಕ್ ಯೂ’ ಎಂದೆ. ಥೂ.” ಆ ಕೊನೆಯ ಅಕ್ಷರವನ್ನು ಬರೆಯುವಾಗ ಪೆನ್ನು ಕಾಗದ ಹರಿದಿದೆ. ಅದಕ್ಕೇ ಡೈರಿಯನ್ನು ನಂಬುತ್ತೇನೆ.

ಮನೆಗೆ ಬಂದು ಅಪ್ಪನಿಗೂ ಗೆದ್ದೆನೆಂದಷ್ಟೇ ಹೇಳಿದೆ. ಯಾರ ಮೇಲೆ ಎಂದು ಹೇಳಲಿಲ್ಲ. ಹೋಟೆಲಿನವರಿಗೆ ಹೇಳಬೇಕಾದ ಮಾತು ಇನ್ನೂ ಬಾಕಿಯಿತ್ತಲ್ಲ.

ಎರಡು ವಾರ ಕಳೆಯಿತು. ನಮ್ಮ ಜೊತೆ ಆಡುವ ಐರೋಲಿಯ ಗುಮಾಸ್ತರೊಬ್ಬರು ಫೋನ್ ಮಾಡಿ, “ಮೇಡಂ, ನೀವು ಕುದುರೆ ಇಟ್ಟ ಕಥೆ ಧಣಿಗಳು ಹೋಟೆಲಲ್ಲಿ ಹೇಳ್ತಾರೆ ನೋಡಿ, ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು” ಎಂದರು. “ಯಾರ ಮೇಲೆ ನಗು?” ಎಂದು ಕೇಳಿದೆ. “ಅವರ ಮೇಲೇ! ತಾನೇ ರಾಣಿ ಇಡಿ ಅಂತ ಕೂಗಿದ್ದು, ಆಮೇಲೆ ಕುದುರೆಯಿಂದ ಒದೆ ತಿಂದದ್ದು. ಎಂಥ ದೊಡ್ಡ ಮನಸ್ಸು ಮೇಡಂ ಅವರದ್ದು.”

ಐದು ವರ್ಷ ನಾನು ಕಾಪಾಡಿಕೊಂಡು ಬಂದ ಸೇಡನ್ನು ಆ ಮನುಷ್ಯ ಎರಡು ವಾರದಲ್ಲಿ ತನ್ನ ಇನ್ನೊಂದು ಕಥೆ ಮಾಡಿಕೊಂಡಿದ್ದರು. ಸೋತರೂ ಕಥೆ ಅವರದೇ, ನಗಿಸುವವರೂ ಅವರೇ. ಅದರಲ್ಲಿ ನಾನು ಒಂದು ಕುದುರೆ.

ಮರುದಿನ ರವಿವಾರ. ಬೆಳಿಗ್ಗೆ ಠಾಣೆಗೆ ಹೋಗಿ ಅಲ್ಲಿಂದ ನೆರೂಳದ ರೈಲು ಹಿಡಿದೆ. ಐದು ವರ್ಷದಲ್ಲಿ ಆ ಹೋಟೆಲಿಗೆ ಕಾಲಿಟ್ಟಿರಲಿಲ್ಲ. ತಿಂಡಿಯ ಹೊತ್ತು, ಟೇಬಲುಗಳು ತುಂಬಿದ್ದವು. ಗಲ್ಲೆಯ ಹತ್ತಿರ ಮೂರು ಜನ ಆಟಗಾರರು ನಿಂತಿದ್ದರು. ಹೋಟೆಲಿನವರು ಬೋರ್ಡಿನ ಮೇಲೆ ಕುದುರೆ ಹಿಡಿದುಕೊಂಡು ಕಥೆಯ ನಡುವಿನಲ್ಲೇ ಇದ್ದರು. ನನ್ನನ್ನು ಕಂಡು ಎರಡೂ ಕೈ ಚಾಚಿದರು.

“ಬನ್ನಿ, ಬನ್ನಿ! ಇಗೋ, ಕುದುರೆಯ ಧಣಿಗಳೇ ಬಂದ್ರು! ಏ, ಟೀಚರಿಗೆ ಬಿಸಿ ಬನ್ಸ್, ಚಾ ತಾ ಮಾರಾಯ. ಟೀಚರೇ, ಮುಂದಿನದ್ದು ನೀವೇ ಹೇಳಿ. ಆ ಕುದುರೆ ಎಲ್ಲಿಂದ ಬಂತು ನಿಮ್ಮ ತಲೆಗೆ?”

“ನಮ್ಮ ಅಪ್ಪ ಕಲಿಸಿದ್ದು” ಎಂದೆ. “ಅವರ ಆಟದಲ್ಲಿ ಕಾಲಾಳು ಯಾರ ಮನೆ ಮುಟ್ಟುತ್ತೋ ಅದೇ ಆಗಬೇಕು.”

“ಹೌದಾ? ಭಾರೀ ಚಂದ ಉಂಟಲ್ಲ ಅದು!”

“ಚಂದ ಇದೆ. ಕಲ್ಯಾಣದಲ್ಲಿ ನೀವು ಅಂಡರ್ ಸೆವೆನ್‌ಗೆ ಹೆಸರು ಬರ್ಸುವ ಅಂದ್ರಲ್ಲ, ಅದೇ ಅಪ್ಪ. ನಿಮ್ಮ ಎದುರಿಗೇ ನಿಂತಿದ್ದರು. ಎಪ್ಪತ್ತಮೂರು ವರ್ಷ ಆಗ ಅವರಿಗೆ. ಐದು ವರ್ಷದಿಂದ ಅವರು ಕಾಯಿ ಮುಟ್ಟಿಲ್ಲ.”

ಕೊನೆಯ ವಾಕ್ಯ ಪೂರ್ತಿ ಸತ್ಯವೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಹೇಳುವಾಗ ಕಣ್ಣಿನ ಡಾಕ್ಟರು ನೆನಪಾದರು. ಆದರೂ ಹೇಳಿದೆ.

ಅವರು ನಕ್ಕರು, ಬಾಯಿ ಅರ್ಧ ತೆರೆದು. ಉಳಿದ ಮೂವರು ನಗಲಿಲ್ಲ. ಹತ್ತಿರದ ಟೇಬಲಿನಲ್ಲಿ ಪೇಪರ್ ಓದುತ್ತಿದ್ದ ಹಿರಿಯರೊಬ್ಬರು ಪೇಪರ್ ಕೆಳಗಿಟ್ಟು ಧಣಿಗಳ ಮುಖವನ್ನೇ ನೋಡಿದರು. ಬನ್ಸ್ ತಂದ ಮಾಣಿ ತಟ್ಟೆ ಹಿಡಿದುಕೊಂಡೇ ನಿಂತ.

“ನಾನು ಅಷ್ಟು... ಅವರಿಗೆ ಹೇಳಿದ್ನಾ? ನನ್ನ ಬಾಯಿಗೆ ಬೀಗ ಇಲ್ಲ ಟೀಚರೇ, ನಿಮಗೆ ಗೊತ್ತುಂಟಲ್ಲ” ಎಂದು ಮತ್ತೆ ನಗಲು ನೋಡಿದರು. ಆಮೇಲೆ ಸೋಂಪಿನ ಬಟ್ಟಲನ್ನು ಆಚೆ ಸರಿಸಿ, ಮೆಲ್ಲಗೆ, “ತಪ್ಪಾಯ್ತು” ಎಂದರು.

“ಜೋರಾಗಿ ಹೇಳಿ” ಎಂದೆ. “ಅವತ್ತು ಜೋರಾಗಿ ಹೇಳಿದ್ರಿ.”

ಇದನ್ನು ನಾನು ಹೇಳಿದ್ದು ನಿಜ. ಈ ಸಲ ನೆನಪಿನ ಕೈಗೆ ಕೊಡಬಾರದೆಂದು ನೆರೂಳ ನಿಲ್ದಾಣದ ಬೆಂಚಿನ ಮೇಲೆ ಕೂತು, ಇಪ್ಪತ್ತು ನಿಮಿಷದೊಳಗೆ, ಮಾತು ಮಾತು ಬರೆದಿಟ್ಟಿದ್ದೇನೆ. ಅವರು ಗಲ್ಲೆಯ ಹಿಂದೆ ಎದ್ದು ನಿಂತರು. ಆ ಕ್ಷಣ ಅವರಿಗೆ ಬಹಳ ವಯಸ್ಸಾದ ಹಾಗೆ ಕಂಡಿತು. “ತಪ್ಪಾಯ್ತು ಟೀಚರೇ” ಎಂದರು. ಒಳಗೆ ಅಡುಗೆಮನೆಯವರೆಗೂ ಕೇಳಿಸಿರಬೇಕು, ಒಬ್ಬ ಇಣುಕಿ ನೋಡಿದ. ನಾನು ಬನ್ಸ್ ಮುಟ್ಟಲಿಲ್ಲ. ಚಹಾ ಕುಡಿದೆ, ನಿಧಾನವಾಗಿ, ಅವರೆದುರು ನಿಂತೇ. ಪೂರ್ತಿ ಕುಡಿದು ಲೋಟ ಗಲ್ಲೆಯ ಮೇಲಿಟ್ಟು ಬಂದೆ.

ಡೋಂಬಿವಲಿಗೆ ಬರುವವರೆಗೂ ನನ್ನನ್ನೇ ಕೇಳಿಕೊಂಡೆ: ಹಿರಿಯ ಮನುಷ್ಯ, ಅವರದೇ ಹೋಟೆಲು, ಅವರ ಕೆಲಸದವರ ಮುಂದೆ ಹಾಗೆ ಮಾಡಬೇಕಿತ್ತೇ? ಪಶ್ಚಾತ್ತಾಪ ಬರುತ್ತದೆಯೇ ಎಂದು ಕಾದೆ. ದಿವಾ ದಾಟಿತು, ಬರಲಿಲ್ಲ.

ಅಪ್ಪ ಊಟ ಮುಗಿಸಿ ಗ್ಯಾಲರಿಯಲ್ಲಿ ಕೂತಿದ್ದರು. ಹೋಗಿ ಎದುರು ಕೂತು ಎಲ್ಲ ಹೇಳಿದೆ: ಸೀವುಡ್ಸ್‌ನಲ್ಲಿ ಗೆದ್ದದ್ದು ಯಾರ ಮೇಲೆ, ಕುದುರೆ ಇಟ್ಟದ್ದು, ಹೋಟೆಲಿಗೆ ಹೋದದ್ದು. ಕಲ್ಯಾಣದ ಆ ದಿನದ ಬಗ್ಗೆ ಐದು ವರ್ಷದಲ್ಲಿ ನಮ್ಮಿಬ್ಬರ ನಡುವೆ ಬಂದ ಮೊದಲ ಮಾತು ಅದು. ಅವರು “ಯಾವ ಹೋಟೆಲಿನಂವಾ?” ಎಂದು ಕೇಳಿಬಿಡುತ್ತಾರೆ, ಇಲ್ಲವೇ “ಅದನ್ನಿನ್ನೂ ಹಿಡಕೊಂಡು ಕುಂತೀಯೇನು?” ಎನ್ನುತ್ತಾರೆ ಎಂದು ನನ್ನ ಬೆರಳು ತಣ್ಣಗಾಗಿದ್ದವು.

ಅಪ್ಪ “ಮಂದಿ ಇದ್ರೇನು?” ಎಂದರು.

“ಇದ್ರಪ್ಪಾ.”

“ಎಲ್ಲಾರ ಮುಂದ ಅಂದ್ನೇನು, ತಪ್ಪಾತು ಅಂತ?”

“ಎಲ್ಲಾರ ಮುಂದ. ಎದ್ದು ನಿಂತು.”

“ಎದ್ದು ನಿಂತು” ಎಂದರು ಅಪ್ಪ. ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡು, ಕಿವಿ ಹತ್ತಿರ ತಂದರು. “ಮೊದಲಿಂದ ಹೇಳವ್ವಾ. ಏನೂ ಬಿಡಬ್ಯಾಡ.”

ಮೊದಲಿನಿಂದ ಹೇಳಿದೆ. ಎರಡನೇ ಸಲ ಹೇಳುವಾಗ ಹೋಟೆಲಿನಲ್ಲಿ ಜನ ಹೆಚ್ಚಾದರು, ಹೊರಗೆ ರಸ್ತೆಯಲ್ಲೂ ನಾಲ್ಕು ಜನ ನಿಂತು ನೋಡಿದರು. ಹೋಟೆಲಿನವರು ಕೈ ಮುಗಿದರು. ನಿಜಕ್ಕೂ ಕೈ ಮುಗಿದಿರಲಿಲ್ಲ, ಬೆಂಚಿನ ಮೇಲೆ ಕೂತು ಬರೆದ ಹಾಳೆ ನನ್ನ ಚೀಲದಲ್ಲೇ ಇತ್ತು, ಅದರಲ್ಲಿ ಅಂಥದ್ದೇನೂ ಇರಲಿಲ್ಲ. ಅಪ್ಪ “ಕೈ ಮುಗದ್ನಾ?” ಎಂದರು.

“ಎರಡೂ ಕೈ” ಎಂದೆ.